ಓಟಕ್ಕೆ ಜಾಗ ಬಿಡದ ಗದ್ದೆ

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕರ ಜೊತೆ ಮುನಿಸಿಕೊಂಡಂತೆ ದೂರ ನಿಂತಿರುತ್ತಿತ್ತು. ಅದರ ಉಗುರು ಅರ್ಧವೇ ಇತ್ತು. ಬರಿಗಾಲಲ್ಲಿ ರಾಜ್ಯಮಟ್ಟದ ಓಟಗಳಲ್ಲಿ ಓಡಿದ ಕಾಲು ಅದು. ಬಲಗಾಲು ಎಂದು ಬರೆದ ಕೂಡಲೇ ಅನುಮಾನ ಹತ್ತಿದೆ, ಎಡಗಾಲೂ ಇರಬಹುದು. ಯಾರು ಏನು ಹೇಳಿದರೂ ನಂಬದಿರುವುದನ್ನು ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿತು. ಈಗ ಆ ಅಭ್ಯಾಸ ನನ್ನ ನೆನಪಿನ ಮೇಲೇ ತಿರುಗಿಬಿದ್ದಿದೆ.

ಅವರು ನಾಪೋಕ್ಲು ಕಡೆಯ ನಮ್ಮ ಶಾಲೆಯ ಪಿ.ಟಿ. ಟೀಚರ್. ಯಾರಾದರೂ ಉದ್ದಕ್ಕೆ ಮಾತಾಡಿದರೆ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, "ಬಾಯಿ ಆಯ್ತು, ಕಾಲು ಎಲ್ಲಿ?" ಎನ್ನುತ್ತಿದ್ದರು. ಹೆಡ್‌ಮಾಸ್ಟರಿಗೂ ಹಾಗೇ ಕೇಳಿದ್ದರಂತೆ. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. ಕುಶಾಲನಗರದ ಓಟಗಾರರನ್ನೂ ಕಾಲೇಜಿನ ಸ್ವಯಂಸೇವಕರನ್ನೂ ಸೇರಿಸಿಕೊಂಡು ಹವಾಮಾನ ಬದಲಾವಣೆಯ ಹೆಸರಿನಲ್ಲಿ ಓಟಗಳನ್ನು ಶುರು ಮಾಡಿದರು. ಪಾಳುಬಿದ್ದ ಗದ್ದೆಗಳಲ್ಲಿ ಮತ್ತೆ ಭತ್ತ ನೆಟ್ಟರೆ ಮಳೆಗಾಲದ ನೀರು ಅಲ್ಲೇ ಇಂಗುತ್ತದೆ, ಬೇಸಿಗೆಯಲ್ಲಿ ಕೆಳಗಿನ ಒರತೆ ಬತ್ತುವುದಿಲ್ಲ, ಇದು ನಮ್ಮ ಕಾಲಬುಡದಲ್ಲೇ ಇರುವ ಪರಿಹಾರ ಎಂಬುದು ಅವರ ವಾದ.

ನಾನು ಆಗ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಟೀ-ಶರ್ಟು ಹಾಕಿಕೊಂಡು ಓಡಿದರೆ ಆಕಾಶ ತಣ್ಣಗಾಗುತ್ತದೆಯೇ ಎಂದು ನಕ್ಕೆ. ಅಷ್ಟೇ ಅಲ್ಲ, ನೀರು ನಿಂತ ಗದ್ದೆಯಿಂದ ಮೀಥೇನ್ ಅನಿಲ ಏಳುತ್ತದೆ, ಅದೂ ಭೂಮಿಯನ್ನು ಬಿಸಿ ಮಾಡುತ್ತದೆ ಎಂದು ಎಲ್ಲರೆದುರು ಹೇಳಿದೆ. ಸೋಲುತ್ತಾರೆ ಎಂದುಕೊಂಡಿದ್ದೆ. ಅವರ ಕಣ್ಣು ಅರಳಿತು.

"ಹೌದಾ ಮಾರಾಯ? ಇದನ್ನು ಯಾರೂ ನನಗೆ ಹೇಳ್ಲಿಲ್ವಲ್ಲ! ಹಾಗಾದ್ರೆ ಎಂತ ಮಾಡೂದು?"

"ಮಳೆ ಬಿಡುವು ಕೊಟ್ಟಾಗ ಒಂದೆರಡು ಸಲ ನೀರು ಹೊರಗೆ ಬಿಟ್ಟು ಗದ್ದೆ ಆರಿಸಬೇಕು, ಟೀಚರ್."

"ಅಂದ್ರೆ ಗದ್ದೆಗೂ ಹಾಫ್‌ಟೈಮ್ ಕೊಡೂದು. ಅಷ್ಟೇ ಅಲ್ವಾ?"

ಮರುವಾರ ಅವರ ಫಲಕಗಳ ಮೇಲೆ ಆ ಮಾತು ಬಂದಿತ್ತು: ಗದ್ದೆಗೂ ಹಾಫ್‌ಟೈಮ್ ಕೊಡಿ. ಅಂದಿನಿಂದ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. ಅವರ ಬಾಯಲ್ಲಿ ನಾನು 'ಯೂನಿವರ್ಸಿಟಿ' ಆದೆ.

ಅವರ ತಮ್ಮನಿಗೆ ಮೇಲೊಂದು ಕೆಳಗೊಂದು ಎರಡು ಗದ್ದೆಗಳಿದ್ದವು. ಎರಡೂ ಪಾಳು. ಕೆಳಗಿನದಕ್ಕೆ ಮಣ್ಣು ತುಂಬಿಸಿ ಹೋಂಸ್ಟೇ ಕಟ್ಟಲು ಅವರು ಲಾರಿಯವನಿಗೆ ಮಾತು ಕೊಟ್ಟಾಗಿತ್ತು. ಮಳೆ ನಿಂತ ಕೂಡಲೇ ಕೆಲಸ. ಒರತೆ ಇದ್ದದ್ದು ಆ ಗದ್ದೆಯ ಬುಡದಲ್ಲೇ. ಅಕ್ಕನಾದ ಟೀಚರ್ ಎರಡನ್ನೂ ಕೇಳಿದರು. ತಮ್ಮ ಕೊಟ್ಟದ್ದು ಮೇಲಿನದನ್ನು ಮಾತ್ರ, ಅದೂ ಒಂದು ಬೆಳೆಗೆ. "ಕೆಳಗಿನದ್ದರ ಸುದ್ದಿ ಎತ್ತಬೇಡ ಅಕ್ಕ," ಎಂದರು. ಟೀಚರ್ ಎತ್ತಲಿಲ್ಲ. ಆದರೆ ಒರತೆಯ ಕಡೆ ನೋಡದೆ ಆ ದಾರಿಯಲ್ಲಿ ಒಮ್ಮೆಯೂ ನಡೆಯಲಿಲ್ಲ.

ಆ ಜುಲೈನಲ್ಲಿ ನಾಟಿಯ ದಿನ ಬಂತು. ಓಟಗಾರರು ಮಡಿಕೇರಿಯಿಂದ ನಾಪೋಕ್ಲುವರೆಗೆ ಮಳೆಯಲ್ಲೇ ರಿಲೇ ಓಡಿ ಬಂದರು. ಕೈಯಿಂದ ಕೈಗೆ ದಾಟುತ್ತಿದ್ದದ್ದು ಕೋಲಲ್ಲ, ಭತ್ತದ ಸಸಿಯ ಕಟ್ಟು! ರಸ್ತೆಬದಿಯಲ್ಲಿ ಬಸ್ಸು ನಿಲ್ಲಿಸಿ ಜನ ಕೂಗಿದರು. ಮೀನಿನ ಅಂಗಡಿಯವರು ಕತ್ತಿ ಹಿಡಿದೇ ಹೊರಗೆ ಓಡಿಬಂದರು.

ನಮ್ಮಲ್ಲಿ ನಾಟಿ ಮಾಡುವಾಗ ದೊಡ್ಡ ಗದ್ದೆಯ ನಡುವೆ ಉದ್ದಕ್ಕೂ ಹತ್ತಡಿ ಅಗಲದ ಜಾಗವನ್ನು ನೆಡದೆ ಬಿಟ್ಟು, ಅಲ್ಲಿ ಕೆಸರಿನ ಓಟ ನಡೆಸುವ ಪದ್ಧತಿ ಇದೆ. ಗೆದ್ದವರಿಗೆ ಬಾಳೆಗೊನೆ, ತೆಂಗಿನಕಾಯಿ. ಆ ಓಟ ನೋಡಲೆಂದೇ ಊರು ಸೇರಿತ್ತು. ಜಾಗ ಗುರುತಿಸಲು ಎರಡು ಹಗ್ಗ ಎಳೆದು ಟೀಚರ್ ನನಗೆ ಹೇಳಿದರು: "ಏ ಯೂನಿವರ್ಸಿಟಿ, ಈ ಹಗ್ಗದ ಒಳಗೆ ಒಂದು ಸಸಿ ಬೀಳಬಾರದು. ನಿನಗೆ ಅಷ್ಟೇ ಕೆಲಸ."

ಓಟಗಾರರು ಎರಡು ತಂಡವಾಗಿ ಎರಡು ಬದಿಯಿಂದ ನೆಡುತ್ತ ಬಂದರು. ನಾನು ಬದುವಿನ ಮೇಲೆ ನಿಂತು ಇಬ್ಬರು ಸ್ವಯಂಸೇವಕಿಯರಿಗೆ ಮೀಥೇನಿನ ಪಾಠ ಶುರು ಮಾಡಿದ್ದೆ. ಕಾಲಿಗೆ ತೊಡರುತ್ತದೆ ಎಂದು ಯಾರೋ ಹಗ್ಗ ಬಿಚ್ಚಲು ಕೇಳಿದರು. ನಾನು ಹೂಂ ಎಂದೆನೋ, ನಾನೇ ಸುತ್ತಿ ಇಟ್ಟೆನೋ ತಿಳಿಯದು. ತಿರುಗಿ ನೋಡಿದರೆ ಎರಡೂ ತಂಡಗಳು ನಡುವೆ ಎದುರಾಗಿ, ಗೆದ್ದೆವು ಗೆದ್ದೆವು ಎಂದು ಕುಣಿಯುತ್ತಿದ್ದವು. ಗದ್ದೆಯಿಡೀ ಹಸಿರು. ಓಡಲು ಒಂದಡಿ ಜಾಗವಿಲ್ಲ.

ಬದುವಿನ ಮೇಲಿದ್ದ ಮುದುಕರು ನಗಲಾರಂಭಿಸಿದರು. "ಪೇಟೆಯವರ ನಾಟಿ! ಇನ್ನು ಬಾಳೆಗೊನೆ ಯಾರಿಗೆ, ಕಪ್ಪೆಗಾ?"

ತಮ್ಮ ಹೇಳಿದರು: "ನಡುವಿನದ್ದು ಕಿತ್ತುಹಾಕಿಸು ಅಕ್ಕ. ಓಡಿ, ಆಮೇಲೆ ನೆಟ್ರಾಯ್ತು."

"ನೆಟ್ಟದ್ದನ್ನು ನಾನು ಕೀಳಿಸೂದಿಲ್ಲ," ಎಂದರು ಟೀಚರ್. ಆ ಹೆಬ್ಬೆರಳು ಕೆಸರಿನಿಂದ ಒಮ್ಮೆ ಮೇಲೆದ್ದಿತು. ಕೆಳಗಿನ ಗದ್ದೆಯ ಕಡೆ ತಿರುಗಿದರು. ಎಮ್ಮೆ ಮೇಯ್ದು ಹುಲ್ಲು ಗಿಡ್ಡವಾಗಿತ್ತು, ಮೊಣಕಾಲುದ್ದ ಮಳೆನೀರು ನಿಂತಿತ್ತು. "ಓಡ್ಲಿಕ್ಕೆ ಅದು ಸಾಕಲ್ಲ? ಸಸಿ ಇಡೂದಿಲ್ಲ. ಬರೀ ಕಾಲು ಇಡ್ತೇವೆ. ಆಗ್ಬಹುದಾ?"

ಊರೆಲ್ಲ ತಮ್ಮನ ಮುಖ ನೋಡಿತು. ಅವರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಕಾಲು ಮಾತ್ರ," ಎಂದರು.

ಟೀಚರ್ ವಿಷಲ್ ಊದಿದರು. ದೇವರೇ, ಏನು ಓಟ! ಟ್ರ್ಯಾಕಿನಲ್ಲಿ ಪದಕ ಗೆದ್ದ ಹುಡುಗಿ ಮೂರನೇ ಹೆಜ್ಜೆಗೆ ಮುಖ ಅಡಿಯಾಗಿ ಬಿದ್ದಳು. ಪೋಸ್ಟ್‌ಮ್ಯಾನ್ ಅವಳನ್ನು ದಾಟಿ, ತಾನೂ ಬಿದ್ದ. ಎರಡನೇ ಸುತ್ತಿಗೆ ಹೆಂಗಸರು ಸೀರೆ ಎತ್ತಿ ಕಟ್ಟಿ ಇಳಿದರು. "ತಮ್ಮಾ, ಮಂಡಿ ನೋವಾ?" ಎಂದು ಟೀಚರ್ ಕೂಗಿದರು. ಶಾಲೆಯ ಕಾಲದಲ್ಲಿ ಅಕ್ಕನನ್ನು ಸೋಲಿಸಿದ ಒಬ್ಬನೇ ಓಟಗಾರ ಈ ತಮ್ಮನೇ ಅಂತೆ. ಕೊಡೆ ಬಿಸಾಡಿ ಪಂಚೆ ಎತ್ತಿ ಕಟ್ಟಿ ಹಾರಿದರು. ಎಪ್ಪತ್ತರ ಹತ್ತಿರದ ಅಕ್ಕ-ತಮ್ಮ ಇಬ್ಬರೂ ಕೆಸರು ಚಿಮ್ಮಿಸುತ್ತ ಓಡಿದರು, ನಾವೆಲ್ಲ ಗಂಟಲು ಹರಿಯುವಂತೆ ಕೂಗಿದೆವು. ಯಾರು ಗೆದ್ದರು? ನನ್ನ ನೆನಪಿನಲ್ಲಿ ಅಕ್ಕ. ತಮ್ಮ ಒಪ್ಪುವುದಿಲ್ಲ.

ಓಟ ಮುಗಿದಾಗ ಗದ್ದೆ ಹದವಾಗಿ ಕಲಸಿಹೋಗಿತ್ತು. ತಮ್ಮ ಅದರ ನಡುವೆ ನಿಂತು ಕೆಸರನ್ನು ಅಂಗೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಮೂಸಿದರು. ಆಮೇಲೆ ಯಾರನ್ನೂ ನೋಡದೆ, "ಉಳಿದ ಸಸಿ ಬಿಸಾಡ್ಬೇಡಿ. ನಾಳೆ ಟಿಲ್ಲರ್ ತರ್ತೇನೆ," ಎಂದರು. ಮಣ್ಣಿನ ಲಾರಿ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಒರತೆಯಲ್ಲಿ ನೀರಿತ್ತು. ಗದ್ದೆಯಿಂದಲೇ ಉಳಿಯಿತು ಎಂದು ಒಂದೇ ವರ್ಷ ನೋಡಿ ಹೇಳಲಾಗದು. ಹಾಗೆಂದು ಟೀಚರಿಗೂ ಹೇಳಿದೆ. "ಹಾಗಾದ್ರೆ ಹತ್ತು ವರ್ಷ ನೆಡುವ," ಎಂದರು.

ಒಂದು ಸಂಶಯ ಮಾತ್ರ ನನ್ನನ್ನು ಬಿಡಲಿಲ್ಲ. ಮೈದಾನದ ಆ ತುದಿಯಲ್ಲಿ ಷೂ ಲೇಸು ಬಿಚ್ಚಿದ್ದನ್ನು ಕಾಣುತ್ತಿದ್ದವರು ಅವರು. ಹಗ್ಗ ಹೋದದ್ದು ಕಾಣಲಿಲ್ಲವೇ? ವಿಷಲ್ ಅವರ ಕೊರಳಲ್ಲೇ ಇತ್ತಲ್ಲ! ಊರವರಿಗೆಲ್ಲ ತಪ್ಪು ತನ್ನದೇ ಎಂದಿದ್ದರು. ಒಂದು ದಿನ ಎಲ್ಲ ಸಾಕ್ಷ್ಯ ಜೋಡಿಸಿ ಅವರ ಮುಂದೆ ಉದ್ದಕ್ಕೆ ವಾದ ಮಂಡಿಸಿದೆ. ಕೊನೆಯವರೆಗೂ ಕೇಳಿದರು.

"ಬಾಯಿ ಆಯ್ತು," ಎಂದರು. "ಕಾಲು ಎಲ್ಲಿ?"

ಆ ನಾಟಿಯ ವರ್ಷದಿಂದ ನಮ್ಮ ಓಟ ನೆಟ್ಟ ಗದ್ದೆಯಲ್ಲಿ ನಡೆಯುವುದಿಲ್ಲ. ಪ್ರತಿವರ್ಷ ಯಾರದಾದರೊಂದು ಪಾಳು ಗದ್ದೆಯನ್ನು 'ಕಾಲು ಮಾತ್ರ' ಎಂದು ಕೇಳಿ ಪಡೆಯುತ್ತೇವೆ. ಹೆಚ್ಚಿನವರು ಮರುದಿನ ಸಸಿ ಕೇಳುತ್ತಾರೆ.

ಕಳೆದ ಬೇಸಿಗೆಯಲ್ಲಿ ಟೀಚರ್ ತೀರಿಕೊಂಡರು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟ ಬೆಳ್ಳಗಿದ್ದ ವಾರ. ಬಿಳಿ ಬಟ್ಟೆಯಡಿ ಆ ಬೆರಳು ಯಾವ ಕಾಲಿನದೆಂದು ನೋಡಬೇಕೆನಿಸಿತು. ನೋಡಲಿಲ್ಲ.

ಈ ಜುಲೈಯಲ್ಲಿ ಓಟಕ್ಕೆ ಗದ್ದೆ ಸಿಗಲಿಲ್ಲ ಎಂದು ಹುಡುಗರು ನನ್ನ ಬಳಿ ಬಂದರು. ನನ್ನ ಪಾಲಿನದೊಂದು ಹದಿನೈದು ವರ್ಷದಿಂದ ಪಾಳು ಬಿದ್ದಿದೆ. ಅಷ್ಟೂ ವರ್ಷ ಗದ್ದೆಗಳ ಬಗ್ಗೆ ಮಾತಾಡಿದವನಿಗೆ ಅದು ಹೊಳೆದಿರಲಿಲ್ಲವೆಂದರೆ ನೀವು ನಂಬಬೇಕಿಲ್ಲ.

ಓಟದ ದಿನ ಬೆಳಿಗ್ಗೆಯೇ ಕೊಡೆ ಹಿಡಿದು ಟೀಚರ ತಮ್ಮ ನನ್ನ ಗದ್ದೆಗೆ ಬಂದರು. "ಹಗ್ಗ ತರಬೇಕಿತ್ತಾ?" ಎಂದು ಕೇಳಿದರು, ಮುಖದಲ್ಲಿ ನಗು ಕಾಣಿಸದಂತೆ.

"ಬೇಡ," ಎಂದೆ. ಬದುವಿನ ಮೇಲೆ ಷೂ ಬಿಚ್ಚಿಟ್ಟು, ಇಳಿದೆ.