ಕೊಯ್ಯಿಸಬೇಕೋ, ದುರ್ಬೀನೋ

ವೆಂಕಣ್ಣ ಮಾಮಾ ಸೇಡಂನಿಂದ ವಾಡಿಯ ನಮ್ಮ ಮನೆಗೆ ಬಂದರೆ, ಯಾರನ್ನೂ ಮಾತಾಡಿಸದೆ ನೆಟ್ಟಗೆ ಹಿತ್ತಿಲಿಗೆ ನಡೆಯುತ್ತಿದ್ದರು. ತಿರುಗಿ ಬಂದು ಧೋತರ ಸರಿಮಾಡಿಕೊಂಡ ಮೇಲೆಯೇ, ‘ಎಲ್ಲಾರೂ ಆರಾಮಿದ್ದೀರೇನು?’ ಎನ್ನುವುದು.

ನಮ್ಮವ್ವನ ಅಣ್ಣ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿ ನಿವೃತ್ತರಾದವರು, ಬೆಳಿಗ್ಗೆ ಮಡಿಯುಟ್ಟು ಹನುಮಪ್ಪನ ಗುಡಿಯಲ್ಲಿ ಪೂಜೆ ಮಾಡುತ್ತಿದ್ದವರು. ಎಂಥ ಕಠಿಣ ಸಮಾಸವನ್ನೂ ಬಿಡಿಸಿಡುವ ಮನುಷ್ಯ, ಅಂಗಿಯ ಬಟ್ಟೆ ಆರಿಸಬೇಕಾದರೆ ಮಾತ್ರ ಅಂಗಡಿಗೆ ಬಂದ ಅಪರಿಚಿತರನ್ನೂ ಕೇಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಅವರಿಗೆ ಮೂತ್ರ ಪೂರ್ತಿ ಕಟ್ಟಿತು. ಕಲಬುರಗಿಯಲ್ಲಿ ಪೈಪು ಹಾಕಿದ ಡಾಕ್ಟರು, ‘ಪ್ರಾಸ್ಟೇಟ್ ಗ್ರಂಥಿ ಭಾಳ ಬೆಳದದ. ಹೊಟ್ಟಿ ಕೊಯ್ದೇ ತೆಗೀಬೇಕು. ರಕ್ತ ಹೋಗ್ತದ ಖರೆ, ಆದ್ರ ಒಮ್ಮೆಗೇ ಸಾಫ್ ಆಗ್ತದ’ ಎಂದರು. ಹೈದರಾಬಾದಿನಲ್ಲಿದ್ದ ಬೀದರ ಕಡೆಯ ಡಾಕ್ಟರು, ‘ಕೊಯ್ಯೋದ್ಯಾಕ? ಮೂತ್ರದ ದಾರಿಲಿಂದಾನೇ ದುರ್ಬೀನ್ ಹಾಕಿ ಕೆರೆದು ತೆಗೀತೀವಿ. ಲಗೂನ ಮನಿಗಿ ಹೋಗ್ತೀರಿ’ ಎಂದರು. ಇಬ್ಬರೂ ಒಳ್ಳೆಯವರಂತೆಯೇ ಕಂಡರು. ಕಷ್ಟ ಅದೇ ಆಗಿತ್ತು.

ಮಾಮಾ ನನ್ನನ್ನು ಕರೆದುಕೊಂಡು ಶಹಾಬಾದಿಗೆ ಹೋದರು. ಅಲ್ಲಿ ಅವರ ಹಳೆಯ ಗೆಳೆಯ, ಟೇಲರ್ ಮಹಿಬೂಬಸಾಬರು, ಹಿಂದಿನ ವರ್ಷ ಇದೇ ರೋಗಕ್ಕೆ ಹೊಟ್ಟೆ ಕೊಯ್ಯಿಸಿಕೊಂಡಿದ್ದರು. ಸಾಬರು ಹೊಲಿಗೆ ನಿಲ್ಲಿಸಿ ಅಂಗಿ ಎತ್ತಿ ಗಾಯದ ಕಲೆ ತೋರಿಸಿದರು.

‘ರಕ್ತ ಭಾಳ ಹೋಗಿ ಖೂನ್ ಏರಿಸಿದ್ರು ಗುರುಗಳ. ಗಾಯದಾಗಿಂದ ಭಾಳ ದಿನ ಉಚ್ಚಿ ಸೋರ್ತಿತ್ತು. ಈಗ ಧಾರಿ ಛಲೋ ಅದ, ಆದ್ರ ಕೆಮ್ಮಿದ್ರ ಲುಂಗಿ ತೊಯ್ತದ.’

‘ಹಂಗಾರ ದುರ್ಬೀನೇ ಛಲೋ ಅಂತೀರೇನು?’ ಎಂದರು ಮಾಮಾ.

‘ಅದು ನನಗ ಹ್ಯಾಂಗ ಗೊತ್ತಾಗಬೇಕ್ರಿ? ನಾ ಮಾಡಿಸ್ಕೊಂಡಿದ್ದು ಇದೊಂದೇ.’

ಮರಳುವ ರೈಲು ವಾಡಿ ಬಿಟ್ಟಾಗ ಕೊಯ್ಯಿಸಿಕೊಳ್ಳುವುದೆಂದು ತೀರ್ಮಾನವಾಗಿತ್ತು. ಚಿತ್ತಾಪುರಕ್ಕೆ ದುರ್ಬೀನಾಯಿತು. ಸೇಡಂನಲ್ಲಿ ಇಳಿಯುತ್ತ ಮಾಮಾ, ‘ಎರಡೂ ಬ್ಯಾಡ, ಈ ಪೈಪೇ ಇರ್ಲಿ’ ಎಂದರು. ಆದರೆ ಪೈಪು, ಚೀಲ ಕಟ್ಟಿಕೊಂಡು ಗರ್ಭಗುಡಿಗೆ ಕಾಲಿಡಲು ಅವರ ಮನಸ್ಸು ಒಪ್ಪಲಿಲ್ಲ. ಪೂಜೆ ತಪ್ಪಿದ್ದೇ ಸಂಕಟವಾಗಿ, ಲಗೂ ಮುಗಿಯುವ ದುರ್ಬೀನಿಗೇ ಒಪ್ಪಿದರು.

ಹೈದರಾಬಾದಿನಲ್ಲಿ ಆಪರೇಷನ್ ಹೇಳಿದ್ದಕ್ಕಿಂತ ಬಹಳ ಹೊತ್ತು ಹಿಡಿಯಿತು. ಸಂಜೆ ಕಣ್ಣುಬಿಟ್ಟ ಮಾಮಾ ನನ್ನನ್ನೇ ದಿಟ್ಟಿಸಿ, ‘ತಾವು ಯಾರ್ರಿ? ಗಾಡಿ ಚಿತ್ತಾಪುರ ದಾಟಿತೇನು?’ ಎಂದರು. ನರ್ಸಮ್ಮನಿಗೆ ರಾಮಶಬ್ದ ಒಪ್ಪಿಸಲು ಹೇಳಿದರು. ತಾವೇ ಶುರುಮಾಡಿ ಎರಡನೆಯ ವಿಭಕ್ತಿಯಲ್ಲೇ ತಪ್ಪಿದರು. ಅದನ್ನು ಕೇಳಿ ನಾನು ಡಾಕ್ಟರನ್ನು ಕರೆಯಲು ಓಡಿದೆ.

‘ಒಳಗ ತೊಳಿಲಿಕ್ಕೆ ಬಿಟ್ಟ ನೀರು ರಕ್ತಕ್ಕ ಸೇರ್ಯಾದ. ಮೈಯಾಗಿನ ಉಪ್ಪು ಇಳದದ’ ಎಂದರು ಡಾಕ್ಟರು. ‘ಗ್ರಂಥಿ ದೊಡ್ಡದಿತ್ತು, ಟೈಮ್ ಹಿಡೀತು. ಉಪಚಾರ ನಡೆದದ.’

‘ಕೊಯ್ಯಿಸಿದ್ರ ಹಿಂಗ ಆಗ್ತಿದ್ದಿಲ್ಲೇನ್ರಿ?’

‘ಇದು ಆಗ್ತಿದ್ದಿಲ್ಲ. ಬ್ಯಾರೆ ಏನರ ಆಗಬಹುದಿತ್ತು.’

ಆ ಮಾತನ್ನು ನಾನು ಇಂದಿಗೂ ಹಿಂದೆ ಮುಂದೆ ಮಾಡಿ ನೋಡುತ್ತೇನೆ, ಸಮಾಧಾನವೋ ಬೈಗುಳವೋ ತಿಳಿಯುವುದಿಲ್ಲ.

ಮಾಮಾಗೆ ನೆನಪು ಮರಳಿತು. ‘ನಾ ಏನರ ಅಂದೆನೇನು?’ ಎಂದು ಸಂಕೋಚದಿಂದ ಕೇಳಿದರು. ಏನೂ ಇಲ್ಲವೆಂದೆ. ಪೂಜೆಯೂ ಮತ್ತೆ ಶುರುವಾಯಿತು. ಆದರೆ ಕೆಲವು ತಿಂಗಳಲ್ಲಿ ಮೂತ್ರದ ದಾರಿ ಒಳಗೆ ಕಲೆಗಟ್ಟಿ ಕಿರಿದಾಯಿತು. ಆಗಾಗ ಕಲಬುರಗಿಗೆ ಹೋಗಿ ಅದನ್ನು ಹಿಗ್ಗಿಸಿಕೊಂಡು ಬರಬೇಕಾಯಿತು. ಹಾಗೆ ಹೋದಾಗೆಲ್ಲ ಶಹಾಬಾದಿನಲ್ಲಿ ಇಳಿಯುತ್ತಿದ್ದರು. ಅವರೂ ಸಾಬರೂ ಅಂಗಡಿಯ ಬಾಗಿಲು ಮುಂದೆ ಮಾಡಿಕೊಂಡು ಏನೋ ಮಾತಾಡುತ್ತ ಕೂಡುತ್ತಿದ್ದರು.

ಕೆಲವು ವರ್ಷಗಳ ನಂತರ ಮಾಮಾ ಎದೆನೋವಿನಿಂದ ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು ಸೇಡಂನ ಮನೆಗೆ ಬಂದ ಸಾಬರು ಒಳಗೆ ಬರದೆ ಕಟ್ಟೆಯ ಮೇಲೆ ಕುಳಿತರು.

‘ಈಗ ಹ್ಯಾಂಗದ ಅಂತ ಅವರು ಕೇಳ್ತಿದ್ರು, ನಾ ಎಲ್ಲಾ ಹೇಳ್ತಿದ್ದೆ’ ಎಂದರು. ‘ಮನ್ಯಾಗ ಮಕ್ಕಳ ಮುಂದ ಇದೆಲ್ಲಾ ಹೇಳ್ಲಿಕ್ಕೆ ಬರ್ತದೇನ್ರಿ?’

ನಾನು ಅವರ ಪಕ್ಕದಲ್ಲಿ ಕುಳಿತು, ‘ಈಗ ಹ್ಯಾಂಗದ್ರಿ, ಸಾಬರೆ?’ ಎಂದು ಕೇಳಿದೆ. ಅವರು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದರು. ಆಮೇಲೆ, ತಗ್ಗಿದ ದನಿಯಲ್ಲಿ, ಹೇಳತೊಡಗಿದರು.