ನೀಲಕ್ಕ ನಿಂತ ಸಾಲು

ನೀಲಕ್ಕನ ಟಿವಿಯಲ್ಲಿ ಕಾಣಿಸಿಕೊಂಡವರೆಲ್ಲ, ಮಂತ್ರಿಯಾಗಲಿ ಡಾಕ್ಟರಾಗಲಿ, ವೈವಾ ಪರೀಕ್ಷೆಗೆ ಬಂದು ಸಿಕ್ಕಿಬಿದ್ದ ಹುಡುಗರಂತೆ ಕಾಣುತ್ತಿದ್ದರು. ನೀಲಕ್ಕ ಬೆತ್ತದ ಕುರ್ಚಿಯ ತುದಿಗೆ ಕೂತು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಪರದೆಯನ್ನೇ ಕೇಳುವರು: "ಎಷ್ಟು ಮಂದಿಗೆ ಕೊಟ್ರಿ? ಯಾರ ಜೋಡಿ ಹೋಲಿಸಿ ನೋಡಿದ್ರಿ?" ಪರದೆಯ ಮಹಾಶಯರು ಉತ್ತರಿಸದೆ ಜಾಹೀರಾತಿಗೆ ಓಡುವರು. "ನೋಡು, ನಪಾಸು," ಎಂದು ನೀಲಕ್ಕ ನನ್ನತ್ತ ತಿರುಗುವರು.

ಧಾರವಾಡದಿಂದ ಮದುವೆಯಾಗಿ ಈ ತಮಿಳು ಊರಿಗೆ ಬಂದವರು. ಕೀಲ್ಪಾಕ್‌ನ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಎದುರುಮನೆ. ವೈದ್ಯಕೀಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತರಾಗಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಾನು ಕೋಡಂಬಾಕ್ಕಂನಲ್ಲಿ ಜಾಹೀರಾತುಗಳಿಗೆ ಕನ್ನಡ ದನಿ ಕೊಡುವವನು. ‘ವಿಜ್ಞಾನಿಗಳು ದೃಢಪಡಿಸಿದ್ದಾರೆ’ ಎಂಬ ಮಾತನ್ನು ಹಲ್ಲುಪುಡಿಗೂ ಕೂದಲೆಣ್ಣೆಗೂ ಒಂದೇ ಗಾಂಭೀರ್ಯದಲ್ಲಿ ಹೇಳಬಲ್ಲೆ.

"ಯಾವ ವಿಜ್ಞಾನಿಗಳೋ ಸೋಮೂ?"

"ಸ್ಕ್ರಿಪ್ಟ್‌ನಲ್ಲಿ ಹೆಸರಿಲ್ಲ ಅಕ್ಕಾ."

"ಹಂಗಂದ್ರ ನೀನಽ."

ಯಾರ ದನಿ ಸಿಕ್ಕರೂ ಕದಿಯುವ ಚಾಳಿ ನನ್ನದು. ಒಮ್ಮೆ ತಾರಸಿಯ ಮೇಲೆ ನಾಲ್ಕು ಜನರೆದುರು ನೀಲಕ್ಕನನ್ನೇ ಅಣಕಿಸುತ್ತಿದ್ದೆ. ಒಣಗಿದ ಬಟ್ಟೆ ತೆಗೆಯಲು ಬಂದವರು ಹಿಂದೆಯೇ ನಿಂತಿದ್ದಾರೆ! "ದನಿ ಹೊಂದೇದ," ಎಂದರು. "ಪ್ರಶ್ನಿ ತಪ್ಪೇದ." ನಗುತ್ತಿದ್ದವರು ನನ್ನನ್ನು ನೋಡಿ ಇನ್ನಷ್ಟು ನಕ್ಕರು.

ಒಂದು ಮಳೆಗಾಲ ಊರಿಗೆಲ್ಲ ಜ್ವರ. ಮಂತ್ರಿಯೊಬ್ಬರು ಟಿವಿಯಲ್ಲಿ, ತಮ್ಮ ಕ್ಷೇತ್ರದಲ್ಲಿ ಒಂದು ಕಷಾಯ ಕುಡಿದವರೆಲ್ಲ ವಾರದಲ್ಲಿ ಎದ್ದು ಕೂತರೆಂದರು. ನಮ್ಮ ಕಟ್ಟಡವಿಡೀ ಮೆಣಸು ಕುದಿಯುವ ವಾಸನೆ. "ಕುಡೀಲಾರದವರೂ ವಾರದಾಗ ಎದ್ದಿರಬೇಕಲ್ಲೋ? ಅವರನ್ನ ಯಾರು ಕೇಳಿದ್ರು?" ಎಂದು ನೀಲಕ್ಕ ಹಾಳೆ ಹಿಡಿದು ಮನೆಮನೆಗೆ ಹೊರಟರು. ಹಿಂದೆ ನಾನು. ಎಲ್ಲರದೂ ಒಂದೇ ಉತ್ತರ, ಕಷಾಯ ಕುಡಿದೇ ಇಲ್ಲ. ಮೇಲಿನ ಮನೆಯ ಮಾಮಿಯಂತೂ ಒಲೆಯ ಮೇಲಿನ ಪಾತ್ರೆಗೆ ಸೆರಗು ಅಡ್ಡ ಹಿಡಿದು, "ಚೆಚ್ಚೆ, ನಾಂಗಳಾ?" ಛೆ ಛೆ, ನಾವಾ, ಎಂದರು.

ಸಂಜೆ ನೀಲಕ್ಕ ಹಾಳೆಯನ್ನು ಬಹಳ ಹೊತ್ತು ನೋಡಿದರು. ಮರುದಿನ ಲಿಫ್ಟಿನ ಬಾಗಿಲ ಪಕ್ಕ ಅವರದೇ ಕೈಬರಹದ ಚೀಟಿ ಇತ್ತು: ನಾನು ನಡೆಸಿದ ವಿಚಾರಣೆಯನ್ನು ಯಾರೂ ನಂಬಬಾರದು, ಜನ ನನಗೆ ಹೆದರಿ ಉತ್ತರ ಕೊಟ್ಟಿದ್ದಾರೆ. ಕೆಳಗೆ ಸಹಿ. ತಪ್ಪು ಮಾಡಿದ ಮಂತ್ರಿಗಳನ್ನು ನಾನು ಬಹಳ ಅಣಕಿಸಿದ್ದೇನೆ. ತಪ್ಪನ್ನು ಲಿಫ್ಟಿನ ಪಕ್ಕ ಅಂಟಿಸಿದವರನ್ನು ಹೇಗೆ ಅಣಕಿಸುವುದೋ ಈಗಲೂ ಗೊತ್ತಿಲ್ಲ.

ಕಳೆದ ವರ್ಷ ನೀಲಕ್ಕನ ರಕ್ತಕ್ಕೆ ಕಾಯಿಲೆ ಬಂತು. ಅದಕ್ಕೊಂದು ಹೊಸ ಇಂಜೆಕ್ಷನ್ ಬಂದಿದೆ, ಎಲ್ಲರೂ ಗುಣವಾಗುತ್ತಿದ್ದಾರೆ ಎಂದು ಟಿವಿಯಲ್ಲಿ ಅದೇ ಮಂತ್ರಿ ಹೂಮಾಲೆ ಹಾಕಿಕೊಂಡೇ ಹೇಳಿದರು. ನೀಲಕ್ಕ ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆಯಲ್ಲಿ ಅದನ್ನಿನ್ನೂ ಪರೀಕ್ಷಿಸುತ್ತಿದ್ದರು: ರೋಗಿಗಳು ಎರಡು ಸಾಲು, ಒಂದಕ್ಕೆ ಹೊಸ ಔಷಧ, ಇನ್ನೊಂದಕ್ಕೆ ಹಳೆಯದು. ಯಾರು ಯಾವ ಸಾಲೆಂದು ಕಂಪ್ಯೂಟರ್ ಆರಿಸುತ್ತದೆ. ರೋಗಿಗೂ ತಿಳಿಯದು, ಡಾಕ್ಟರಿಗೂ ತಿಳಿಯದು. ಪೆರುಂಗುಡಿ ಕಡೆ ಒಬ್ಬ ಡಾಕ್ಟರು ಹೊಸದನ್ನೇ ನೇರವಾಗಿ ಕೊಡುತ್ತಾರೆಂದು ನಾನು ಪತ್ತೆ ಮಾಡಿಕೊಂಡು ಬಂದೆ.

"ಬೇಡಕ್ಕಾ, ಆ ಲಾಟರಿ. ಹಳೇ ಮರುಂದೇ ಬಂದ್ಬಿಟ್ರೆ?"

"ಬರಲಿ."

"ನಮಗೆ ನೀವು ಬೇಕು. ಪುರಾವೆ ಗಿರಾವೆ ಎಲ್ಲಾ ಅಪ್ಪರಂ, ಆಮೇಲೆ ನೋಡ್ಕೊಳ್ಳೋಣ."

ನೀಲಕ್ಕ ಮೆಲ್ಲಗೆ ನಕ್ಕರು. "ಮಂತ್ರಿ ದನಿ ಭಾಳ ಚಲೋ ಮಾಡತಿ ನೀ."

ನಾನು ಮಾತಾಡಿದ್ದು ನನ್ನ ದನಿಯಲ್ಲೇ.

"ಹೊಸಾದು ಚಲೋ ಇರಲಿ ಅಂತ ನನಗೂ ಆಸೆ ಅದನೋ," ಎಂದರು ಆಮೇಲೆ. "ಎಲ್ಲಾರೂ ಹೊಸಾ ಸಾಲಿನ್ಯಾಗಽ ನಿಂತ್ರ ಹೋಲಿಸೂದು ಯಾರ ಜೋಡಿ? ಸಹಿ ಮಾಡೇನಿ. ಫಾರ್ಮಿನ್ಯಾಗ ನಿನ್ನ ನಂಬರ್ ಕೊಟ್ಟೇನಿ."

ಕೊನೆಯ ಸಲ ಅವರನ್ನು ಕಂಡಿದ್ದು ಅವರ ಮನೆಯಲ್ಲೇ, ಒಂದು ಮಧ್ಯಾಹ್ನ. ಅವರ ಕೈ ಹಗುರಾಗಿಬಿಟ್ಟಿತ್ತು. ಯಾವ ಸಾಲು ಅನ್ನಿಸುತ್ತದೆ ಎಂದು ಕೇಳಿಯೇಬಿಟ್ಟೆ. "ಊಹೆ ಮಾಡಬ್ಯಾಡೋ ತಮ್ಮಾ. ನಿನ್ನ ಮಾರಿ ನೋಡಿ ನಾನೂ ಊಹೆ ಮಾಡಾಕ ಹತ್ತತೀನಿ," ಎಂದು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಅದಾಗಿ ಮೂರನೆಯ ದಿನ ಬೆಳಗ್ಗೆ, ನಿದ್ದೆಯಲ್ಲೇ ಹೋದರು.

ಹತ್ತು ದಿನದ ಮೇಲೆ ಆಸ್ಪತ್ರೆಯ ನರ್ಸ್ ಒಬ್ಬರ ಫೋನು. "ಸಾರ್, ಅಮ್ಮಾ ಇಂದ ವಾರಂ ಚೆಕಪ್ಪುಕ್ಕು ವರಲೈಯೇ?"

ಅಮ್ಮ ಈ ವಾರ ಚೆಕಪ್ಪಿಗೆ ಬರಲಿಲ್ಲವಲ್ಲ ಎಂದು ಕೇಳುತ್ತಿದ್ದರು. ಫೋನ್ ಇಟ್ಟುಬಿಡೋಣವೆನ್ನಿಸಿತು. ಇಟ್ಟರೆ ಅವರು ‘ಬರಲಿಲ್ಲ’ ಎಂದು ಬರೆದುಕೊಳ್ಳುತ್ತಾರೆ. ಸತ್ತವರೆಲ್ಲ ಹೀಗೆ ‘ಬರಲಿಲ್ಲ’ ಎಂದಾದರೆ ಉಳಿದವರನ್ನಷ್ಟೇ ಎಣಿಸಬೇಕಾಗುತ್ತದೆ, ಆಗ ಯಾವ ಔಷಧವೂ ಒಳ್ಳೆಯದಾಗಿಯೇ ಕಾಣುತ್ತದೆ.

"ವರಲೈನ್ನು ಎಳುದಾದೀಂಗ ಮೇಡಂ," ಎಂದೆ. ಬರಲಿಲ್ಲ ಅಂತ ಬರೀಬೇಡಿ. "ಅವಂಗ ಇರಂದುಟ್ಟಾಂಗ." ತೀರಿಕೊಂಡಿದ್ದಾರೆ.

ನರ್ಸ್ ಆಮೇಲೆ ಮೆಲ್ಲನೆ ದಿನ ಯಾವುದು, ಸಮಯ ಎಷ್ಟು ಎಂದು ಕೇಳಿದರು. ಮಂಗಳವಾರ, ಬೆಳಗ್ಗೆ ಏಳರ ಸುಮಾರು ಎಂದೆ. ಕೀಲಿಮಣೆಯ ಸದ್ದು ಕೇಳಿಸಿತು. ಅವರನ್ನೂ ಎಣಿಸುತ್ತೀರಲ್ಲ ಎಂದೆ. "ಕಂಡಿಪ್ಪಾ ಸಾರ್," ಖಂಡಿತ ಎಂದರು. ಯಾವ ಸಾಲಿನಲ್ಲಿದ್ದರು ಎಂದೆ. "ಎನಕ್ಕೇ ತೆರಿಯಾದು ಸಾರ್," ತಮಗೇ ಗೊತ್ತಿಲ್ಲ ಎಂದರು.

ಅವರಿಗೂ ಗೊತ್ತಾಗಲು ಇನ್ನೆರಡು ವರ್ಷ ಬೇಕಂತೆ. ಗೊತ್ತಾದ ದಿನ ಫೋನ್ ಮಾಡಿ ಎಂದಿದ್ದೇನೆ. ಅಲ್ಲಿಯವರೆಗೆ ಈ ನಂಬರ್ ಬದಲಾಯಿಸುವಂತಿಲ್ಲ.