ಠಾಣೆಯ ಮುಂದಿನ ಕಲ್ಲು

ಆಗ ಮಹಾರಾಜರ ಆಳ್ವಿಕೆ. ಹುಣಸೂರಿನ ಪೊಲೀಸ್ ಲೈನಿನಲ್ಲಿ ನಮ್ಮ ಪಕ್ಕದ ಮನೆಯ ಪೇದೆಯನ್ನು ಗಂಧದ ಮರದ ಕಳ್ಳರು ಹೆಗ್ಗಡದೇವನಕೋಟೆ ಕಾಡಿನಲ್ಲಿ ಕಡಿದು ಕೊಂದಿದ್ದರು. ಆ ಪೇದೆಯ ನೆನಪಿಗೆ ಠಾಣೆಯ ಮುಂದೆ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು. ಅದರ ಮೇಲೆ ಹೊದಿಸಿದ ಬಟ್ಟೆಯನ್ನು ಅವರ ಹೆಂಡತಿಯೇ ಸರಿಸಬೇಕೆಂದು ಅಮಲ್ದಾರರು ಹೇಳಿದ್ದರು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ.

ಅದೇ ಕಳ್ಳರ ಸುಳಿವು ಸಿಕ್ಕಿ, ಪೇದೆಯೇ ಆಗಿದ್ದ ನನ್ನ ಯಜಮಾನರು ಹಿಂದಿನ ದಿನವೇ ಕಾಡಿಗೆ ಹೋಗಿದ್ದರು. ಸಮಾರಂಭದ ಹೊತ್ತಿಗೂ ಬಂದಿರಲಿಲ್ಲ. ಇನ್‌ಸ್ಪೆಕ್ಟರು ಭಾಷಣ ಮಾಡುತ್ತಿದ್ದರೆ ನನ್ನ ಕಣ್ಣು ಹೆಗ್ಗಡದೇವನಕೋಟೆ ರಸ್ತೆಯ ಮೇಲೇ ಇತ್ತು. ಅಷ್ಟರಲ್ಲಿ ಸೈಕಲ್ಲಿನಲ್ಲಿ ಬಂದ ಪೇದೆಯೊಬ್ಬ ಅವರ ಕಿವಿಯಲ್ಲಿ ಏನೋ ಹೇಳಿದ.

“ಕಳ್ಳರು ಸಿಕ್ಕಿಬಿದ್ದಿದ್ದಾರೆ,” ಎಂದು ಇನ್‌ಸ್ಪೆಕ್ಟರು ಸಾರಿದರು. ಜನ ಚಪ್ಪಾಳೆ ತಟ್ಟಿದರು. ನನ್ನವರ ಮಾತನ್ನು ಯಾರೂ ಎತ್ತಲಿಲ್ಲ. ನಾನು ಪಕ್ಕದಲ್ಲಿದ್ದ ಅಕ್ಕನ ಕೈ ಹಿಡಿದುಕೊಂಡೆ.

ತಲೆ ತುಂಬ ಸೆರಗು ಹೊದ್ದು ಕೂತಿದ್ದ ಅಕ್ಕ ಎದ್ದು ನಿಂತಳು. “ಕಳ್ರು ಇರ್ಲಿ ಬುಡಿ ಸ್ವಾಮಿ. ಇವಳ ಯಜಮಾನ ಎಂಗವ್ನೆ, ಅದ ಯೋಳಿ,” ಎಂದಳು.

ಚಪ್ಪಾಳೆ ನಿಂತಿತು. ಸೈಕಲ್ಲಿನವನು ತಲೆ ತಗ್ಗಿಸಿ, “ತೋಳಿಗೆ ಮಚ್ಚಿನೇಟು ಬಿದ್ದೈತೆ ಕಣವ್ವ. ಜೀವಕ್ಕೇನೂ ಇಲ್ಲ. ಕೋಟೆ ಆಸ್ಪತ್ರೇಲವ್ರೆ,” ಎಂದ.

ಅಕ್ಕ ರಟ್ಟೆ ಹಿಡಿದು ಎಬ್ಬಿಸಿ, ರಸ್ತೆಯಲ್ಲಿ ನಿಂತಿದ್ದ ಎತ್ತಿನಗಾಡಿಯ ಕಡೆ ನನ್ನನ್ನು ನಡೆಸಿದಳು.

“ಬಟ್ಟೆ ಸರಿಸೋದು?” ಎಂದು ಇನ್‌ಸ್ಪೆಕ್ಟರು ಹಿಂದಿನಿಂದ ಕೇಳಿದರು.

“ಕಲ್ಲು ಎಲ್ಲಿಗೂ ಓಗಲ್ಲ ಸ್ವಾಮಿ. ಬಂದು ಸರಿಸ್ತೀನಿ,” ಎಂದು ಅವಳೂ ನನ್ನ ಜೊತೆ ಗಾಡಿ ಹತ್ತಿದಳು.